ಪೈಪ್ ಉದ್ದ ಮಾಡಿದರೆ ಟೆಲಿಸ್ಕೋಪ್ ಜಾಸ್ತಿ ದೊಡ್ಡದಾಗಿ ತೋರಿಸುತ್ತದೆಯೇ?

ಇಲ್ಲ. ಸುಮ್ನೆ ಪೈಪ್ ಎಳೆದರೆ ಚಿತ್ರ ಮಸುಕಾಗುತ್ತದೆ, ಅಷ್ಟೇ. ಎಷ್ಟು ಪಟ್ಟು ಅನ್ನುವುದು ಎರಡು ಲೆನ್ಸ್‌ಗಳ ಫೋಕಲ್ ದೂರದ ಮೇಲಿದೆ (ಅಂದರೆ, ದೂರದಿಂದ ಬಂದ ಬೆಳಕನ್ನು ಲೆನ್ಸ್ ತನ್ನಿಂದ ಎಷ್ಟು ದೂರದಲ್ಲಿ ಒಂದೆಡೆ ಸೇರಿಸುತ್ತದೆ ಅನ್ನುವುದು). ಮುಂದಿನದು 1000 ಮಿ.ಮೀ., ಕಣ್ಣಿನ ಕಡೆಯದು 25 ಮಿ.ಮೀ. ಇದ್ದರೆ 1000 ÷ 25, ಅಂದರೆ 40 ಪಟ್ಟು. ಚಂದ್ರನನ್ನು ನೋಡಲು ಲೆನ್ಸ್‌ಗಳ ನಡುವೆ ಎರಡರ ಮೊತ್ತದಷ್ಟು, 1025 ಮಿ.ಮೀ. ಅಂತರ ಬೇಕು. (ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡಿ, ಕಣ್ಣೇ ಹೋಗುತ್ತದೆ.) ಮೈಸೂರಿನ ನಮ್ಮ ತಾರಸಿಯಿಂದ ಚಾಮುಂಡಿ ಬೆಟ್ಟದ ಗೋಪುರ ನೋಡುವಾಗಲೂ ಹೆಚ್ಚುಕಮ್ಮಿ ಅಷ್ಟೇ ಸಾಕು, ಆದರೆ 11 ಮೀಟರ್ ದೂರದ ತೆಂಗಿನ ಗರಿ ಮೇಲೆ ಕೂತ ಗಿಳಿ ಸ್ಪಷ್ಟವಾಗಿ ಕಾಣಬೇಕೆಂದರೆ ಕಣ್ಣಿನ ಕಡೆಯ ಲೆನ್ಸನ್ನು ಇನ್ನೂ 100 ಮಿ.ಮೀ. ಹಿಂದಕ್ಕೆ ಎಳೆಯಬೇಕು. ನೀವು ಕೇಳಿದ ಮಾತು ಮೈಕ್ರೋಸ್ಕೋಪ್‌ಗೆ ಸರಿ: ಅಲ್ಲಿ ಟ್ಯೂಬ್ ಉದ್ದ ಮಾಡಿ ಮತ್ತೆ ಫೋಕಸ್ ಮಾಡಿದರೆ ಚಿತ್ರ ನಿಜಕ್ಕೂ ದೊಡ್ಡದಾಗುತ್ತದೆ.