ದೊರೆ ದುಷ್ಟನೆಂಬ ಕಾರಣವೊಂದೇ ಸಾಲದು

ಓದುಗರ ಪತ್ರ: ‘ಕಳೆದ ಸಂಚಿಕೆಯ ಸಂಪಾದಕೀಯದಲ್ಲಿ, ಒಂದು ದೇಶದ ಸರ್ಕಾರವನ್ನು ಇನ್ನೊಂದು ದೇಶ ದಂಡೆತ್ತಿ ಹೋಗಿ ಕೆಳಗಿಳಿಸುವುದು ಅನ್ಯಾಯ ಎಂದು ಬರೆದಿದ್ದೀರಿ. ಹಾಗಿದ್ದರೆ 1971ರಲ್ಲಿ ನಾವು ಮಾಡಿದ್ದೇನು? ಕಾಂಬೋಡಿಯದ ಪೋಲ್ ಪಾಟ್‌ನನ್ನು ಅವನ ಪಾಡಿಗೆ ಬಿಡಬೇಕಿತ್ತೇ? ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಸಾಯಬಡಿಯುತ್ತಿದ್ದರೆ ಬಾಗಿಲು ಒಡೆದು ಒಳಗೆ ಹೋಗುವುದು ಧರ್ಮವಲ್ಲವೇ? ಸದ್ದಾಂ ಹುಸೇನ್ ಹೋದದ್ದು ಒಳ್ಳೆಯದೇ ಆಯಿತು. 2003ರಲ್ಲಿ ಅಮೆರಿಕ ಕೇಳಿದಾಗ ನಮ್ಮ ಸೇನೆಯೂ ಇರಾಕಿಗೆ ಹೋಗಬೇಕಿತ್ತು. ಎ.ಸಿ. ಕೋಣೆಯಲ್ಲಿ ಕುಳಿತು ಶಾಂತಿಮಂತ್ರ ಹೇಳುವುದು ನಿಮಗೆ ಸುಲಭ.’
— ನಿವೃತ್ತ ಮುಖ್ಯೋಪಾಧ್ಯಾಯರು, ಚಿಂತಾಮಣಿ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಎ.ಸಿ. ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಮಹಡಿಯ ಮೇಲಿರುವ ನಮ್ಮ ಕಚೇರಿಯಲ್ಲಿ ಒಂದು ಫ್ಯಾನಿದೆ. ಅದೂ ಕರೆಂಟು ಇದ್ದಾಗ ತಿರುಗುತ್ತದೆ. ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ನಿಮ್ಮ ಪತ್ರ ಖಾರವಾಗಿದ್ದರೂ ಹುರುಳಿಲ್ಲದ್ದಲ್ಲ. 1971ರ ಪ್ರಶ್ನೆಗೆ ಉತ್ತರ ಕೊಡದೆ ಇರಾಕ್ ಯುದ್ಧವನ್ನು ಬೈಯುವ ಹಕ್ಕು ಈ ದೇಶದ ಯಾವ ಪತ್ರಕರ್ತನಿಗೂ ಇಲ್ಲ.

ಆ ವರ್ಷ ನೀವು ಹೊಸದಾಗಿ ಕೆಲಸಕ್ಕೆ ಸೇರಿದ್ದಿರಿ ಎಂದು ಹಿಂದೊಮ್ಮೆ ಬರೆದಿದ್ದಿರಿ. ಹಾಗಾದರೆ ನವೆಂಬರ್ ನಂತರ ಅಂಚೆಗೆ ಹಾಕಿದ ಲಕೋಟೆಗಳ ಮೇಲೆ ಐದು ಪೈಸೆಯ ಹೆಚ್ಚುವರಿ ಚೀಟಿ ಅಂಟಿಸಿದ ನೆನಪು ನಿಮಗಿರಬೇಕು. ನಿರಾಶ್ರಿತರ ಪರಿಹಾರಕ್ಕಾಗಿ ಹಾಕಿದ ತೆರಿಗೆ ಅದು. ಹೊಸ ಚೀಟಿ ಅಚ್ಚಾಗುವಷ್ಟು ಪುರುಸೊತ್ತಿಲ್ಲದೆ, ಕುಟುಂಬ ಯೋಜನೆಯ ಚೀಟಿಯ ಮೇಲೆಯೇ ಅಕ್ಷರ ಒತ್ತಿ ಹಂಚಿದರು. ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದಿದ್ದರು. ಕಲ್ಕತ್ತದ ಸಾಲ್ಟ್ ಲೇಕ್ ಪ್ರದೇಶದಲ್ಲಿ, ಚರಂಡಿ ಕಾಮಗಾರಿಗೆಂದು ತಂದಿಟ್ಟ ಸಿಮೆಂಟ್ ಪೈಪುಗಳೊಳಗೆ ಸಂಸಾರಗಳು ಬದುಕುತ್ತಿದ್ದವು. ಅಂದರೆ ಆ ಬೆಂಕಿ ನಮ್ಮ ಅಂಗಳಕ್ಕೆ ಬಂದಾಗಿತ್ತು. ಅದರ ಖರ್ಚು ಚಿಂತಾಮಣಿಯ ಅಂಚೆ ಪೆಟ್ಟಿಗೆಯವರೆಗೂ ತಲುಪಿತ್ತು.

ಆದರೆ ಮೇಷ್ಟ್ರೇ, 1971ರಲ್ಲಿ ನಾವು ಯಾವ ಸರ್ಕಾರವನ್ನು ಕೆಳಗಿಳಿಸಿದೆವು? ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ ಪಾಕಿಸ್ತಾನದಲ್ಲಿ ಚುನಾವಣೆ ನಡೆದು, ಪೂರ್ವ ಭಾಗದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಅವಾಮಿ ಲೀಗ್ ಗೆದ್ದಿತ್ತು. ಇಡೀ ದೇಶವನ್ನು ಆಳುವಷ್ಟು ಬಹುಮತ ಅದರ ನಾಯಕ ಷೇಕ್ ಮುಜೀಬರಿಗೆ ಸಿಕ್ಕಿತ್ತು. ಅವರನ್ನು ಸೆರೆಮನೆಗೆ ಹಾಕಿ, ಮಾರ್ಚ್ 25ರ ರಾತ್ರಿ ಢಾಕಾದ ಮೇಲೆ ಸೈನ್ಯ ಬಿಟ್ಟವನು ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನ್. ಡಿಸೆಂಬರ್ 3ರಂದು ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಾಂಬು ಹಾಕಿಸಿದವನೂ ಅವನೇ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿಯಾಯಿತು. ಮರುದಿನದಿಂದಲೇ ಜಾರಿಗೆ ಬರುವಂತೆ ಪಶ್ಚಿಮದ ಗಡಿಯಲ್ಲಿ ನಾವಾಗಿಯೇ ಕದನವಿರಾಮ ಸಾರಿದೆವು. ಯಾಹ್ಯಾನ ಸರ್ಕಾರವನ್ನು ಉರುಳಿಸಲು ಇಸ್ಲಾಮಾಬಾದಿಗೆ ಹೋಗಲಿಲ್ಲ. ಕೆಲವೇ ದಿನಗಳಲ್ಲಿ ಅವನನ್ನು ಕುರ್ಚಿಯಿಂದ ಇಳಿಸಿದವರು ಅವನ ಕಡೆಯವರೇ. ಢಾಕಾದ ಗಾದಿಯಲ್ಲಿ ಯಾರು ಕೂರಬೇಕೆಂದು ಅಲ್ಲಿನ ಜನ ಮತಪತ್ರದ ಮೇಲೆ ಮೊದಲೇ ಬರೆದಿಟ್ಟಿದ್ದರು. ನಮ್ಮ ಸೈನ್ಯ 1972ರ ಮಾರ್ಚ್‌ನಲ್ಲಿ ವಾಪಸು ಬಂತು. ಈ ಕೊನೆಯ ಸಂಗತಿಯನ್ನು ನಮ್ಮ ವಿಜಯೋತ್ಸವದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ನನಗೆ ಇಡೀ ಯುದ್ಧದಲ್ಲಿ ಅದೇ ದೊಡ್ಡದಾಗಿ ಕಾಣುತ್ತದೆ.

ಇಷ್ಟಾದರೂ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕದನವಿರಾಮ ಮತ್ತು ಸೇನಾ ವಾಪಸಾತಿಗೆ ಒತ್ತಾಯಿಸಿದ ನಿರ್ಣಯದ ಪರ 104 ಮತ, ವಿರುದ್ಧ 11 ಮತ ಬಿದ್ದವು. ಆ ಹನ್ನೊಂದರಲ್ಲಿ ನಾವೊಬ್ಬರು. ಆದ್ದರಿಂದ ‘ವಿಶ್ವಸಂಸ್ಥೆ ಒಪ್ಪಿದರೆ ನ್ಯಾಯ, ಒಪ್ಪದಿದ್ದರೆ ಅನ್ಯಾಯ’ ಎಂಬ ಅಳತೆಗೋಲನ್ನು ನಾನು ಕೈಯಲ್ಲಿ ಹಿಡಿದಿಲ್ಲ.

ಪಕ್ಕದ ಮನೆಯ ನಿಮ್ಮ ಹೋಲಿಕೆಗೆ ಬರುತ್ತೇನೆ. ಬಾಗಿಲು ಒಡೆದು ಹೋಗಿ, ಎತ್ತಿದ ಕೈ ಹಿಡಿಯಿರಿ, ಹೆಂಗಸನ್ನು ಉಳಿಸಿಕೊಳ್ಳಿ. ಧರ್ಮವೇ ಸರಿ, ನಾನೂ ಬರುತ್ತೇನೆ. ಆದರೆ ಆಮೇಲೆ ಆ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಜಮೀನಿನ ಪತ್ರ ನೋಡುತ್ತಾ, ಇನ್ನು ಈ ಮನೆಯ ಯಜಮಾನ ಯಾರೆಂದು ನಾನು ಹೇಳುತ್ತೇನೆ ಎನ್ನುವವನಿಗೆ ನಮ್ಮ ಊರುಗಳಲ್ಲಿ ಏನನ್ನುತ್ತಾರೆಂದು ನಿಮಗೇ ಗೊತ್ತು. ಸಂಪಾದಕೀಯದಲ್ಲಿ ನಾನು ಅನ್ಯಾಯ ಎಂದದ್ದು ಈ ಎರಡನೆಯದನ್ನು. ನಡೆಯುತ್ತಿರುವ ಕೊಲೆಯನ್ನು ನಿಲ್ಲಿಸಲು ಅಥವಾ ನಮ್ಮ ಮೇಲೆ ಬಂದ ದಾಳಿಯನ್ನು ತಡೆಯಲು ಹೋದಾಗ ಒಂದು ಸರ್ಕಾರ ಬಿದ್ದುಹೋದರೆ ಹೋಗಲಿ. ಸರ್ಕಾರ ಬದಲಿಸುವುದೇ ಗುರಿಯಾಗಿ ಹೊರಟ ಯುದ್ಧ ಬೇರೆ ಜಾತಿಯದು.

ಸದ್ದಾಂ ಕಟುಕನಾಗಿದ್ದ ಎಂಬುದರಲ್ಲಿ ನನಗೂ ನಿಮಗೂ ಜಗಳವಿಲ್ಲ. 1988ರ ಮಾರ್ಚ್ 16ರಂದು ಹಲಬ್ಜಾ ಎಂಬ ಕುರ್ದಿಷ್ ಪಟ್ಟಣದ ಮೇಲೆ ವಿಷಾನಿಲ ಸುರಿಸಿ ಸಾವಿರಾರು ಜನರನ್ನು ಕೊಂದ. ಬಾಗಿಲು ಒಡೆಯುವ ಗಳಿಗೆ ಅದಾಗಿತ್ತು. ಯಾರೂ ಹೋಗಲಿಲ್ಲ. ಆಗ ಅವನು ಇರಾನಿನೊಂದಿಗೆ ಯುದ್ಧದಲ್ಲಿದ್ದ, ಅಮೆರಿಕಕ್ಕೆ ಬೇಕಾದವನಾಗಿದ್ದ. 1991ರಲ್ಲಿ ಅಧ್ಯಕ್ಷ ಬುಷ್ (ತಂದೆ) ಇರಾಕಿನ ಜನರಿಗೆ ನೀವೇ ಅವನನ್ನು ಇಳಿಸಿ ಎಂದು ಕರೆ ಕೊಟ್ಟರು. ಷಿಯಾಗಳೂ ಕುರ್ದರೂ ದಂಗೆಯೆದ್ದರು. ಸದ್ದಾಂನ ಹೆಲಿಕಾಪ್ಟರುಗಳು ಅವರನ್ನು ಅಟ್ಟಾಡಿಸಿ ಹೊಡೆಯುವಾಗ ಅಮೆರಿಕದ ಸೈನ್ಯ ಪಕ್ಕದಲ್ಲೇ ಇದ್ದು ಸುಮ್ಮನಿತ್ತು. 2003ರಲ್ಲಿ ಅಂಥ ಮಾರಣಹೋಮ ನಡೆಯುತ್ತಿರಲಿಲ್ಲ. ಆಗ ಅಮೆರಿಕ ದಂಡೆತ್ತಿ ಹೋಗಲು ಹೇಳಿದ ಮುಖ್ಯ ಕಾರಣ ಸಮೂಹನಾಶಕ ಅಸ್ತ್ರಗಳು. ಫೆಬ್ರುವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ವರ್ಣಿಸಿದ ಸಂಚಾರಿ ಜೈವಿಕಾಸ್ತ್ರ ಘಟಕಗಳ ಕಥೆ ಮುಖ್ಯವಾಗಿ ಬಂದದ್ದು ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ಇರಾಕಿಯಿಂದ. ತಾನು ಕಟ್ಟಿ ಹೇಳಿದೆ ಎಂದು ಅವನೇ 2011ರಲ್ಲಿ ಒಪ್ಪಿಕೊಂಡ. ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ.

ಮುಂದಿನದು ನಿಮಗೆ, ಶಾಲೆ ನಡೆಸಿದವರಿಗೆ, ಚೆನ್ನಾಗಿ ಅರ್ಥವಾಗುತ್ತದೆ. ಏಪ್ರಿಲ್ 9ರಂದು ಬಾಗ್ದಾದ್ ಬಿತ್ತು. ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಲೂಟಿ ಮಾಡುತ್ತಿದ್ದಾಗ ತಡೆಯುವವರಿರಲಿಲ್ಲ. ತೈಲ ಸಚಿವಾಲಯಕ್ಕೆ ಮಾತ್ರ ಕಾವಲು ಇತ್ತು. ಮೇ ತಿಂಗಳಲ್ಲಿ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಒಂದು ವಾರದ ಅಂತರದಲ್ಲಿ ಎರಡು ಆದೇಶ ಹೊರಡಿಸಿದರು. ಮೊದಲನೆಯದು, ಸದ್ದಾಂನ ಬಾತ್ ಪಕ್ಷದ ಮೇಲಿನ ಹಂತಗಳಲ್ಲಿದ್ದವರನ್ನೆಲ್ಲ ಸರ್ಕಾರಿ ಕೆಲಸದಿಂದ ತೆಗೆಯುವುದು. ಆ ದೇಶದಲ್ಲಿ ಮುಂದೆ ಬರಬೇಕೆಂದರೆ ಪಕ್ಷದ ಸದಸ್ಯತ್ವ ಬೇಕಿತ್ತು. ಹೀಗಾಗಿ ಸಾವಿರಾರು ಶಾಲಾ ಶಿಕ್ಷಕರ ಕೆಲಸ ಹೋಯಿತು. ಹೊಸ ಕಾಲ ಬಂತೆಂದು ಶಾಲೆಗೆ ಹೋದ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರೇ ಇರಲಿಲ್ಲ. ಎರಡನೆಯ ಆದೇಶದಲ್ಲಿ ಸೈನ್ಯವನ್ನೇ ವಿಸರ್ಜಿಸಿದರು. ಲಕ್ಷಾಂತರ ಜನ ಸಂಬಳವಿಲ್ಲದೆ, ಆದರೆ ಬಂದೂಕು ಹಿಡಿಯುವ ವಿದ್ಯೆಯೊಂದಿಗೆ ಬೀದಿಗೆ ಬಿದ್ದರು. ಹನ್ನೊಂದು ವರ್ಷದ ನಂತರ, 2014ರ ಜೂನ್‌ನಲ್ಲಿ, ಮೊಸುಲ್ ನಗರವನ್ನು ಐಸಿಸ್ ಉಗ್ರರ ಪಡೆ ಹಿಡಿದಾಗ ಅದರ ಸೇನಾನಾಯಕರಲ್ಲಿ ಸದ್ದಾಂ ಕಾಲದ ಅಧಿಕಾರಿಗಳು ಹಲವರಿದ್ದರು. ಒಂದೊಂದಾಗಿ ದಾಖಲಿಸಿ ಲೆಕ್ಕ ಇಟ್ಟವರ ಪ್ರಕಾರವೇ ಸತ್ತ ನಾಗರಿಕರು ಎರಡು ಲಕ್ಷದ ಆಸುಪಾಸು. ‘ಹೋದದ್ದು ಒಳ್ಳೆಯದೇ ಆಯಿತು’ ಎಂದು ನೀವು ಒಂದು ಸಾಲಿನಲ್ಲಿ ಬರೆದುಬಿಟ್ಟಿರಿ. ಯಾರಿಗೆ ಒಳ್ಳೆಯದಾಯಿತು, ಮೇಷ್ಟ್ರೇ?

ಲಿಬಿಯದ ಕಥೆಯೂ ಹೆಚ್ಚು ಬೇರೆಯಲ್ಲ. 2011ರಲ್ಲಿ ಅಲ್ಲಿನ ಸರ್ವಾಧಿಕಾರಿ ಗದ್ದಾಫಿಯ ಸೈನ್ಯದಿಂದ ಬೆಂಗಾಜಿ ನಗರದ ಜನರನ್ನು ಕಾಪಾಡಲು ಭದ್ರತಾ ಮಂಡಳಿಯೇ ಅನುಮತಿ ಕೊಟ್ಟಿತು. ಭಾರತ ತಟಸ್ಥವಾಗಿ ಉಳಿಯಿತು. ಜನರನ್ನು ಕಾಪಾಡಲು ಹಾರಿದ ವಿಮಾನಗಳು ಗದ್ದಾಫಿ ಬೀಳುವವರೆಗೂ ಹಾರಿದವು. ಆಮೇಲೆ ದೇಶಕ್ಕೆ ಎರಡು ಸರ್ಕಾರಗಳಾದವು, ಹೊಣೆ ಹೊರುವವರು ಯಾರೂ ಇಲ್ಲವಾದರು. 2023ರ ಸೆಪ್ಟೆಂಬರ್‌ನಲ್ಲಿ ಡೆರ್ನಾ ಪಟ್ಟಣದ ಮೇಲಿದ್ದ ಎರಡು ಹಳೆಯ ಅಣೆಕಟ್ಟೆಗಳು ಬಿರುಗಾಳಿ ಮಳೆಗೆ ಒಡೆದು, ಸಾವಿರಾರು ಜನ ಒಂದೇ ರಾತ್ರಿ ಕೊಚ್ಚಿಹೋದರು. ವರ್ಷಗಳಿಂದ ಅವುಗಳ ದುರಸ್ತಿ ಆಗಿರಲಿಲ್ಲ. ಕೆರೆ ಕಟ್ಟೆಗಳನ್ನೇ ನಂಬಿದ ನಮ್ಮ ಜಿಲ್ಲೆಯವರಿಗೆ, ಕಟ್ಟೆ ನೋಡಿಕೊಳ್ಳುವವರಿಲ್ಲದಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹತ್ತಿರದ ಉದಾಹರಣೆಯೂ ಒಂದಿದೆ. ನಮ್ಮ ನಂದಿಬೆಟ್ಟದ ಕೋಟೆಯನ್ನು 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿಯಿತು. ಎಂಟು ವರ್ಷದ ಮೇಲೆ ವೆಲ್ಲೆಸ್ಲಿ ಶ್ರೀರಂಗಪಟ್ಟಣದ ಸರ್ಕಾರವನ್ನೇ ತೆಗೆದ. (ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೆ ಈ ಪುಟದಲ್ಲಿ ಜಾಗವಿಲ್ಲ; ಆ ಪತ್ರಗಳನ್ನು ದಯವಿಟ್ಟು ಕಳಿಸಬೇಡಿ.) ಆಗಲೂ ಒಂದು ಭಯಾನಕ ಅಪಾಯವನ್ನು ತೋರಿಸಿದ್ದರು: ಮಾರಿಷಸ್‌ನಿಂದ ಫ್ರೆಂಚರ ಸೈನ್ಯ ಬರುತ್ತದೆ ಎಂದು. ಅಲ್ಲಿಂದ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು ಜನ. ಒಡೆಯರ ಮನೆತನದ ಗಾದಿಗಾಗಿ ವರ್ಷಗಟ್ಟಲೆ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಪತ್ರವ್ಯವಹಾರ ನಡೆಸಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರ ಬೇಡಿಕೆಯಲ್ಲಿ ನ್ಯಾಯವಿತ್ತು ಎಂದೇ ಇಟ್ಟುಕೊಳ್ಳೋಣ. ಸಿಕ್ಕಿದ್ದೇನು? ರಾಜ್ಯದ ಭಾಗಗಳನ್ನು ಕಂಪನಿಯೂ ನಿಜಾಮನೂ ಹಂಚಿಕೊಂಡ ಮೇಲೆ ಉಳಿದದ್ದರ ಮೇಲೆ ಐದು ವರ್ಷದ ಬಾಲಕನಿಗೆ ಪಟ್ಟ. ಅದರ ಜೊತೆಗೆ ವರ್ಷಕ್ಕೆ ಏಳು ಲಕ್ಷ ವರಹ ಕಪ್ಪ. ಆ ಹಣ ರೈತನ ಕಂದಾಯದಿಂದಲೇ ಬರಬೇಕಿತ್ತು. ನಗರ ಸೀಮೆಯ (ಇಂದಿನ ಶಿವಮೊಗ್ಗದ ಕಡೆ) ರೈತರು ದಂಗೆಯೆದ್ದ ನಂತರ, ನಿಮಗೆ ಆಳಲು ಬರುವುದಿಲ್ಲ ಎಂದು 1831ರಲ್ಲಿ ಕಂಪನಿ ಅಧಿಕಾರವನ್ನೇ ಕಿತ್ತುಕೊಂಡಿತು. ಹಿಂದಿರುಗಿಸಿದ್ದು 1881ರಲ್ಲಿ. ಈ ನಡುವೆ ಕಮಿಷನರ್ ಕಬ್ಬನ್ ಬೇಸಿಗೆ ಕಳೆಯಲು ನಂದಿಬೆಟ್ಟದ ಮೇಲೆಯೇ ಬಂಗಲೆ ಮಾಡಿಕೊಂಡ. ಕಬ್ಬನ್ ದಕ್ಷ ಆಡಳಿತಗಾರ, ರಸ್ತೆಗಳನ್ನು ಹಾಕಿಸಿದ, ಒಪ್ಪುತ್ತೇನೆ. ಆದರೆ ಅವನನ್ನು ಬೇಡ ಎನ್ನುವ ಹಕ್ಕು ನಮ್ಮ ಮುತ್ತಾತಂದಿರಿಗೆ ಇರಲಿಲ್ಲ.

ಅದೇ ಮೈಸೂರು ಸಂಸ್ಥಾನದಲ್ಲಿ ಸರ್ಕಾರ ಬದಲಿಸಿದವರು ಕೊನೆಗೆ ಜನರೇ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿತು. 1947ರ ಮೈಸೂರು ಚಲೋ ಚಳವಳಿಗೆ ಅರಮನೆ ಮಣಿಯಿತು. ಮೊದಲ ಜವಾಬ್ದಾರಿ ಸರ್ಕಾರದ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು. ಮಹಾರಾಜರು ಪೋಲ್ ಪಾಟ್ ಅಲ್ಲವಲ್ಲ ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಬಾವುಟ ಸತ್ಯಾಗ್ರಹ ಎಲ್ಲ ದೊರೆಗಳ ಮುಂದೆ ನಡೆಯುವುದಿಲ್ಲ.

ಕಾಂಬೋಡಿಯದಲ್ಲಿ ಖಂಡಿತ ನಡೆಯುತ್ತಿರಲಿಲ್ಲ. ಪೋಲ್ ಪಾಟ್ ಅಧಿಕಾರ ಹಿಡಿದು ನಾಲ್ಕು ವರ್ಷ ತುಂಬುವುದರೊಳಗೆ ಆ ದೇಶದ ಜನರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸತ್ತಿತ್ತು. ಅವನ ಸೈನಿಕರು ಗಡಿ ದಾಟಿ ಬಂದು ವಿಯೆಟ್ನಾಂನ ಹಳ್ಳಿಗಳಲ್ಲೂ ಕೊಲ್ಲುತ್ತಿದ್ದರು. 1979ರ ಜನವರಿ 7ರಂದು ವಿಯೆಟ್ನಾಂ ಸೈನ್ಯ ನೋಮ್ ಪೆನ್ ಹೊಕ್ಕು ಆ ಕೊಲೆಗಾರ ಸರ್ಕಾರವನ್ನು ಓಡಿಸಿತು. ಅದು ನ್ಯಾಯವಾದ ಯುದ್ಧ ಎಂದು ನಾನು ಒಪ್ಪುತ್ತೇನೆ. ಜಗತ್ತು ಒಪ್ಪಲಿಲ್ಲ. ವಿಶ್ವಸಂಸ್ಥೆಯ ಕುರ್ಚಿಯನ್ನು ವರ್ಷಗಟ್ಟಲೆ ಪೋಲ್ ಪಾಟ್‌ನ ಕಡೆಯವರಿಗೇ ಬಿಟ್ಟಿತು. ಹೊಸ ಸರ್ಕಾರವನ್ನು 1980ರಲ್ಲಿ ಮಾನ್ಯ ಮಾಡಿದ ಕೆಲವೇ ದೇಶಗಳಲ್ಲಿ ಭಾರತ ಒಂದು. ಆದರೆ ವಿಯೆಟ್ನಾಂ ತನಗೆ ಬೇಕಾದವರನ್ನು ಕೂರಿಸಿ 1989ರವರೆಗೂ ಅಲ್ಲೇ ಉಳಿಯಿತು. ಬಾಗಿಲು ಒಡೆದದ್ದು ಸರಿ, ಬೀಗದ ಕೈ ಹತ್ತು ವರ್ಷ ಇಟ್ಟುಕೊಂಡದ್ದು ಸರಿಯೇ? ಬೇಗ ಹೊರಟಿದ್ದರೆ ಕೊಲೆಗಾರರು ಮರಳಿ ಬರುತ್ತಿದ್ದರು ಎನ್ನುವವರ ಮಾತನ್ನೂ ಸುಲಭವಾಗಿ ತಳ್ಳಿಹಾಕಲಾರೆ. ನನ್ನ ವಾದ ತೆಳುವಾಗಿರುವುದು ಇಲ್ಲೇ.

ಇನ್ನು, 2003ರಲ್ಲಿ ನಮ್ಮ ಸೇನೆ ಹೋಗಬೇಕಿತ್ತು ಎಂದಿರಿ. ಅಮೆರಿಕ ಒಂದು ಡಿವಿಷನ್‌ನಷ್ಟು ಸೈನಿಕರನ್ನು ಕೇಳಿದ್ದು ನಿಜ. ದೆಹಲಿಯಲ್ಲಿ ಹೋಗೋಣ ಎಂದವರೂ ಇದ್ದರು. ಏಪ್ರಿಲ್‌ನಲ್ಲೇ ಸಂಸತ್ತು ಆ ಯುದ್ಧದ ವಿರುದ್ಧ ನಿರ್ಣಯ ಮಾಡಿತ್ತು. ಜುಲೈ 14ರಂದು ವಾಜಪೇಯಿ ಸರ್ಕಾರ ಆಗುವುದಿಲ್ಲ ಎಂದಿತು. ವಾಜಪೇಯಿಯವರನ್ನು ಎ.ಸಿ. ಕೋಣೆಯ ಶಾಂತಿವಾದಿ ಎಂದು ನೀವೂ ಕರೆಯಲಾರಿರಿ. ಪೋಖರಣ್ ಸ್ಫೋಟ ಮಾಡಿಸಿದವರು, ಕಾರ್ಗಿಲ್ ಯುದ್ಧ ನಡೆಸಿದವರು. ಶಾಂತಿ ಕಾಯಲೆಂದು 1987ರಲ್ಲಿ ಶ್ರೀಲಂಕಾಕ್ಕೆ ಹೋದ ನಮ್ಮ ಪಡೆಯ ಸುಮಾರು 1,200 ಸೈನಿಕರು ವಾಪಸು ಬರಲಿಲ್ಲ. ಉಳಿದವರು 1990ರಲ್ಲಿ ಮರಳುವಾಗ ಅಲ್ಲಿ ಸಿಂಹಳೀಯರಿಗೂ ಬೇಡವಾಗಿದ್ದರು, ತಮಿಳರಿಗೂ ಬೇಡವಾಗಿದ್ದರು.

ಕಾಂಬೋಡಿಯದ ಬಗ್ಗೆ ಹೇಳುವುದು ಇನ್ನೂ ಇದ್ದರೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಒಂದು ಪುಟ ಇಟ್ಟಿರುತ್ತೇನೆ. 20ನೇ ತಾರೀಖಿನೊಳಗೆ ಕೈಸೇರಿದರೆ ಅಕ್ಷರ ಜೋಡಿಸುವವರಿಗೆ ಅನುಕೂಲ.

— ಸಂಪಾದಕ