ಪಾಯಿಂಟರ್ರೋ ವಿಜ್ಲಾನೋ ಆಮೇಲೆ, ಮೊದಲು ಕರೆದರೆ ಬರುವುದನ್ನು ಕಲಿಸಿ

ಮೂಡಿಗೆರೆ ಹತ್ತಿರ ಹತ್ತು ಎಕರೆ ಕಾಫಿ ತೋಟ, ಮನೆಯಲ್ಲಿ ಇಬ್ಬರು ಮಕ್ಕಳು, ಬೇಟೆನಾಯಿ ತಳಿಗಳಲ್ಲಿ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ತರಲೋ ವಿಜ್ಲಾ ತರಲೋ ಅಂತ ಕೇಳಿದ್ದೀರಿ. ಜೊತೆಗೆ ‘ತೋಟ ಇದೆಯಲ್ಲ, ಓಡಾಟಕ್ಕೆ ತೊಂದರೆ ಇಲ್ಲ’ ಅಂತ ಬರೆದಿದ್ದೀರಿ. ಆ ಸಾಲು ಓದಿಯೇ ಉತ್ತರ ಬರೆಯಲು ಕೂತೆ. 2011ರಲ್ಲಿ ನಾನೂ ಇದೇ ಮಾತು ಹೇಳಿದ್ದೆ.

ನಮ್ಮದು ಸಕಲೇಶಪುರದ ಕಡೆ. ಬೆಂಗಳೂರಿನಿಂದ ಎರಡು ತಿಂಗಳ ಪಾಯಿಂಟರ್ ಮರಿ ತಂದೆ. ತಲೆ ಪೂರ್ತಿ ಕಂದು, ಮೈಮೇಲೆ ಬಿಳಿ ಕಂದು ಚುಕ್ಕೆ. ಅವ್ವ ಕೆಂಚ ಅಂತ ಹೆಸರಿಟ್ಟಳು. ಎಂಟು ತಿಂಗಳಿದ್ದಾಗ ಒಂದು ಬೆಳಿಗ್ಗೆ ರೋಬಸ್ಟಾ ಗಿಡಗಳ ಅಂಚಿನ ಲಂಟಾನ ಪೊದೆ ಮುಂದೆ ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟ. ಮುಂಗಾಲೊಂದು ಮಡಿಚಿ ಮೇಲೆ, ಮೂಗು ಮುಂದಕ್ಕೆ, ಬಾಲ ನೆಟ್ಟಗೆ. ಉಸಿರಾಡುವುದೂ ಕಾಣದು. ನಾನು ಹತ್ತಿರ ಹೋಗಿ ಕಾಲಿಟ್ಟೆನೋ ಇಲ್ಲವೋ, ಕಾಡುಕೋಳಿ ಭರ್ರಂತ ಎದ್ದು ಹೋಯಿತು. ಯಾರೂ ಕಲಿಸಿದ್ದಲ್ಲ. ಹಕ್ಕಿ ತೋರಿಸಬೇಕು, ನೆಲವಾಗಲಿ ನೀರಾಗಲಿ ಬಿದ್ದದ್ದನ್ನು ಕಚ್ಚಿ ತರಬೇಕು, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಬೇಕು, ಎಲ್ಲವೂ ಒಂದೇ ನಾಯಿಯಿಂದ ಆಗಬೇಕು ಅಂತ 19ನೇ ಶತಮಾನದ ಜರ್ಮನಿಯವರು ಕೂಡಿಸಿ ಬೆಳೆಸಿದ ತಳಿ ಅದು. ಆವತ್ತು ಸಿಕ್ಕಿದವರಿಗೆಲ್ಲ ಅದೇ ಕಥೆ ಹೇಳಿದೆ.

ಅಂಥ ಮೂಗಿಗೆ ನಮ್ಮ ಹತ್ತು ಎಕರೆ ಯಾವ ಲೆಕ್ಕ? ಆಮೇಲೆ ಅವನು ಬಿಟ್ಟ ಕೂಡಲೇ ವಾಸನೆ ಹಿಡಿದು ಪಕ್ಕದ ತೋಟ, ಅದರಾಚೆ ಹಳ್ಳ, ಅದರಾಚೆ ಕಾಡು. ಅರ್ಧ ಗಂಟೆ ಕೂಗಿದರೂ ಸುಳಿವಿಲ್ಲ. ನನಗೋ ಕೆಲಸದವರು ಕಾಯುತ್ತಿರುವ ಹೊತ್ತು. ಕೊನೆಗೆ ಅವನು ಬಂದಾಗ ಕಾಫಿ ಕಡ್ಡಿ ತಗೊಂಡು ಎರಡು ಬಿಗಿದು ಸರಪಳಿ ಹಾಕುತ್ತಿದ್ದೆ.

ನನ್ನ ತಪ್ಪು ಇದೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹತ್ತರಲ್ಲಿ ಎಂಟು ಮನೆಯಲ್ಲಿ ಇದನ್ನೇ ಮಾಡುವುದನ್ನು ನೋಡಿದ್ದೇನೆ. ಓಡಿಹೋಗಿದ್ದಕ್ಕೆ ಹೊಡೆದೆ ಅಂತ ನಾವು ಅಂದುಕೊಳ್ಳುತ್ತೇವೆ. ನಾಯಿಗೆ ಹಾಗಲ್ಲ. ಓಡಿದ್ದು ಅದರ ಮಟ್ಟಿಗೆ ಮುಗಿದ ಸಂಗತಿ. ಕೊನೆಗೆ ಮಾಡಿದ್ದು ನಮ್ಮ ಹತ್ತಿರ ಬಂದದ್ದು. ಹಾಗಾಗಿ ಏಟು ಬಂದದ್ದಕ್ಕೆ ಬಿತ್ತು ಅಂತಲೇ ಲೆಕ್ಕ. ಹೊಡೆಯದಿದ್ದ ದಿನ ಕೂಡ ಬಂದ ತಕ್ಷಣ ಸರಪಳಿ ಬೀಳುತ್ತಿತ್ತು, ಅಂದರೆ ನನ್ನ ಕೂಗು ಅಂದರೆ ಆಟ ಮುಗಿಯಿತು ಅಂತ ಅರ್ಥ. ಕೆಂಚ ಬರುಬರುತ್ತಾ ಹತ್ತಡಿ ದೂರದಲ್ಲೇ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಲು ಶುರುಮಾಡಿದ. ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ನಾನು ಅದನ್ನು ಹಟ ಅಂದುಕೊಂಡೆ.

2012ರ ಡಿಸೆಂಬರ್, ಅರೇಬಿಕಾ ಕುಯ್ಲು. ಹಣ್ಣು ತೂಕ ಹಾಕುವ ಹೊತ್ತಿಗೆ ಕೆಂಚ ಇಲ್ಲ. ಕತ್ತಲಾಗುವವರೆಗೂ ಟಾರ್ಚ್ ಹಿಡಿದು ಹಳ್ಳದ ಮೇಲಿನ ದಾರಿಯುದ್ದಕ್ಕೂ ಕೂಗಿದೆ. ಏನೂ ಕೇಳಿಸಲಿಲ್ಲ. ಚಿರತೆ ಹೊತ್ತುಕೊಂಡು ಹೋಯಿತು ಅಂತ ಮನೆಗೆ ಬಂದು ಮಲಗಿದೆ. ಬೆಳಿಗ್ಗೆ ಅವ್ವ ಹಾಲಿನ ಚೊಂಬು ಹಿಡಿದು ಅದೇ ದಾರಿಯಲ್ಲಿ ‘ಕೆಂಚಾ, ಬಾ ಮಗಾ’ ಅಂತ ಹೋದಳಂತೆ. ಹಳ್ಳದ ಕೆಳಗಿನಿಂದ ಕುಂಯ್‌ಗುಟ್ಟುವುದು ಕೇಳಿತು. ಹಂದಿಗೆ ಅಂತ ಯಾರೋ ಬೇಲಿ ಸಂದಿಯಲ್ಲಿ ಕಟ್ಟಿದ್ದ ಕ್ಲಚ್ ವೈರಿನ ಉರುಳು, ಹಿಂಗಾಲಿನ ತೊಡೆಯಲ್ಲಿ ಮೂಳೆವರೆಗೆ ಇಳಿದಿತ್ತು. ರಾತ್ರಿ ನಾನು ನಿಂತು ಕೂಗಿದ ಜಾಗದಿಂದ ನೂರು ಹೆಜ್ಜೆ ಇಲ್ಲ. ನನ್ನ ದನಿ ಕೇಳಿಯೇ ಅವನು ಸುಮ್ಮನಿದ್ದ.

ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಜೀವ ಉಳಿಸಿದರು, ಕಾಲು ಉಳಿಯಲಿಲ್ಲ. ಮೂರು ಕಾಲಿನಲ್ಲಿ 2021ರವರೆಗೆ ಬದುಕಿದ್ದ.

ಈಗ ನಿಮ್ಮ ಪ್ರಶ್ನೆ. ವಿಜ್ಲಾ ಹಂಗೇರಿಯದ್ದು, ಮೈಕಟ್ಟಿನಲ್ಲಿ ಪಾಯಿಂಟರ್‌ಗಿಂತ ಸ್ವಲ್ಪ ಹಗುರ, ಮನುಷ್ಯರನ್ನು ಬಿಟ್ಟಿರದ ಜಾತಿ. ಚಳಿ ತಡೆಯುವ ಒಳಗೂದಲು ಇಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಮಳೆಯಲ್ಲಿ ಹೊರಗೆ ಗೂಡಿನಲ್ಲಿ ಕಟ್ಟುವ ಯೋಚನೆ ಇದ್ದರೆ ತರಲೇಬೇಡಿ. ಗದರಿದರೂ ಕುಗ್ಗಿಹೋಗುತ್ತದೆ. ಪಾಯಿಂಟರ್ ನೀರು, ಚಳಿ ತಡೆಯುತ್ತದೆ, ಆದರೆ ದೂರ ಓಡುತ್ತದೆ. ಮನೆಯೊಳಗೆ ಇಟ್ಟುಕೊಳ್ಳುವುದಾದರೆ ವಿಜ್ಲಾ ಅನ್ನುತ್ತೇನೆ. ಆದರೆ ಎರಡಕ್ಕೂ ದಿನಕ್ಕೆ ಒಂದೂವರೆ, ಎರಡು ಗಂಟೆ ಜೊತೆಗೆ ಓಡುವ ಮನುಷ್ಯ ಬೇಕು. ನವೆಂಬರ್‌ನಿಂದ ಫೆಬ್ರವರಿ, ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಆರಕ್ಕೆ ನಿಮ್ಮ ಮನೆಯಲ್ಲಿ ಯಾರು ಬಿಡುವಾಗಿರುತ್ತಾರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಎರಡೂ ಬೇಡ, ಊರಿನದೇ ಒಂದು ಮರಿ ಸಾಕಿ. ತೋಟ ಇದ್ದ ಮಾತ್ರಕ್ಕೆ ನಾಯಿಗೆ ಜಾಗ ಇದ್ದಂತಲ್ಲ, ಬೇಲಿಯಿಲ್ಲದ ತೋಟ ಅದಕ್ಕೆ ಅಪಾಯವೇ. ಇನ್ನು, ಅದರ ಬೇಟೆಯ ಗುಣವನ್ನು ಬಳಸೋಣ ಅಂತ ಮನಸ್ಸಿನಲ್ಲಿದ್ದರೆ ತೆಗೆದುಹಾಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಪ್ರಾಣಿಯನ್ನು ಅಟ್ಟಿಸುವುದೂ ಬೇಟೆಯೇ.

ಆದರೂ ತರುತ್ತೀರಿ, ನನಗೆ ಗೊತ್ತು. ಹಾಗಾದರೆ ಮೊದಲ ಒಂದು ವರ್ಷ ಮೂವತ್ತಡಿ ಹಗ್ಗ ಕಟ್ಟದೆ ತೋಟಕ್ಕೆ ಇಳಿಸಬೇಡಿ. ಒಂದು ಸೀಟಿ ಇಟ್ಟುಕೊಳ್ಳಿ. ಊದಿ, ಬಂದರೆ ಬೇಯಿಸಿದ ಕೋಳಿ ಲಿವರ್ ಚೂರು ಕೊಡಿ, ಕೊಟ್ಟ ಮೇಲೆ ಮತ್ತೆ ಆಡಲು ಬಿಟ್ಟುಬಿಡಿ. ಹತ್ತು ಸಲ ಕರೆದರೆ ಒಂಬತ್ತು ಸಲ ವಾಪಸ್ಸು ಬಿಡಬೇಕು. ಎಷ್ಟೇ ತಡವಾಗಿ ಬರಲಿ, ಲಿವರ್ ಚೂರೇ. ಕೆಂಚನಿಗೆ ಇದನ್ನು ಆಮೇಲೆ ಕಲಿಸಿದೆ, ಆರು ತಿಂಗಳು ಹಿಡಿಯಿತು.

ಮರಿ ಬರುವ ಮುಂಚೆ ನೀವೇ ಒಂದು ದಿನ ಬೇಲಿ ಸುತ್ತ ನಡೆದು ನೋಡಿ, ಹಂದಿ ನುಗ್ಗುವ ಸಂದಿಗಳಲ್ಲಿ ಬಗ್ಗಿ ನೋಡಿ. ವೈರು ಕಂಡರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ.