ಏಳುವುದು ಬೇರೆ, ಎಬ್ಬಿಸುವುದು ಬೇರೆ

ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಕ್ಷಮಿಸಿ. ಆಮೇಲೆ ನಾನೂ ಒಂದು ಕಾಲಕ್ಕೆ ಇದೇ ತಪ್ಪು ಮಾಡಿದವನೇ ಅಂತ ನೆನಪಾಯಿತು. ‘ದಿನಾ ಆರು ಗಂಟೆಗೆ ಏಳುತ್ತೇನೆ’ ಅನ್ನುವುದಕ್ಕೆ ‘ಐ ರೌಝ್ ಅಟ್ ಸಿಕ್ಸ್’ ಅಂತ ಬರೆದಿರಿ, ಮೇಷ್ಟ್ರು ಕೆಂಪು ಗೆರೆ ಎಳೆದರು. ‘ಡಿಕ್ಷನರಿಯಲ್ಲಿ ರೌಝ್ (rouse) ಅಂದರೆ ಎಬ್ಬಿಸು ಅಂತಲೇ ಇದೆಯಲ್ಲ, ನನ್ನ ತಪ್ಪೇನು?’ ಅಂತ ಕೇಳಿದ್ದೀರಿ. ಡಿಕ್ಷನರಿ ಹೇಳಿದ್ದು ಎಬ್ಬಿಸು ಅಂತ, ನೀವು ಬರೆದಿದ್ದು ಏಳು ಅಂತ. ತಪ್ಪು ಅಷ್ಟೇ.

ಕನ್ನಡದಲ್ಲಿ ಈ ಎರಡನ್ನು ಸಣ್ಣ ಮಕ್ಕಳೂ ಬೆರೆಸುವುದಿಲ್ಲ. ಇಂಗ್ಲಿಷಿನ ‘ವೇಕ್’ ಮಾತ್ರ ಎರಡೂ ಕಡೆ ಸಲ್ಲುತ್ತದೆ: ನನಗೆ ಎಚ್ಚರವಾದರೂ ವೇಕ್, ನಿಮ್ಮನ್ನು ಎಬ್ಬಿಸಿದರೂ ವೇಕ್. ರೌಝ್ ಹಾಗಲ್ಲ, ಅದಕ್ಕೆ ಸಾಮಾನ್ಯವಾಗಿ ‘ಯಾರನ್ನು’ ಅನ್ನುವುದಕ್ಕೆ ಉತ್ತರ ಬೇಕು. ತಾನಾಗಿ ಏಳುವ ಅರ್ಥವೂ ಇದೆ, ಆದರೆ ಈಗ ಯಾರೂ ಅದನ್ನು ದಿನದ ಮಾತಿನಲ್ಲಿ ಬಳಸುವುದಿಲ್ಲ.

ಇನ್ನೊಂದು ವಿಷಯ. ರೌಝ್ ಅನ್ನುವುದರಲ್ಲಿ ಸ್ವಲ್ಪ ಕಷ್ಟಪಟ್ಟು ಎಬ್ಬಿಸುವ ಛಾಯೆ ಇದೆ. ಮೊದಲ ಸಲ ಕೂಗಿದರೆ ‘ಹ್ಞೂಂ’ ಅಂತಾರೆ, ಎರಡನೇ ಸಲ ಮಗ್ಗುಲು ಬದಲಾಯಿಸುತ್ತಾರೆ, ಕೊನೆಗೆ ಹೊದಿಕೆ ಎಳೆದು ಭುಜ ಹಿಡಿದು ಅಲುಗಾಡಿಸಬೇಕು ನೋಡಿ, ಅದು ರೌಝ್. ಆ ಮಗ್ಗುಲು ಬದಲಾಯಿಸುವುದಕ್ಕೆ, ಮಿಸುಕಾಡುವುದಕ್ಕೆ ‘ಸ್ಟರ್’ ಸಾಕು. ಎಚ್ಚರವಾದರೆ ‘ವೇಕ್ ಅಪ್’, ಹಾಸಿಗೆ ಬಿಟ್ಟರೆ ‘ಗೆಟ್ ಅಪ್’. ‘ಎಚ್ಚರ ಆಗಿದೆ, ಇನ್ನೂ ಎದ್ದಿಲ್ಲ’ ಅಂತೀವಲ್ಲ, ಹಾಗೇ.

ಈ ರೌಝ್ ಪದ ಹುಟ್ಟಿದ್ದು ಮಲಗುವ ಕೋಣೆಯಲ್ಲಿ ಅಲ್ಲ, ಬೇಟೆಯಲ್ಲಿ. ಪೊದೆಯೊಳಗೆ ಅಡಗಿ ಕೂತ ಜಿಂಕೆಯನ್ನು ಹೊರಗೆ ಎಬ್ಬಿಸಿ ಓಡಿಸುವುದಕ್ಕೆ ರೌಝ್ ಅನ್ನುತ್ತಿದ್ದರು. ಬೇಟೆಗೆ ಗಿಡುಗ ಸಾಕುವವರಲ್ಲಿ ಇದಕ್ಕೆ ಇನ್ನೊಂದು ಅರ್ಥ, ಅದು ಇವತ್ತಿಗೂ ಬಳಕೆಯಲ್ಲಿದೆ: ಕೈಮೇಲೆ ಕೂತ ಗಿಡುಗ ಗರಿಗಳನ್ನೆಲ್ಲ ನಿಗುರಿಸಿ, ಚೆಂಡಿನ ಹಾಗೆ ಉಬ್ಬಿ, ಒಂದೇ ಸಲ ಮೈಯೆಲ್ಲ ಒದರಿ ಮತ್ತೆ ಗರಿ ಇಳಿಸುತ್ತದೆ. ಇಲ್ಲಿ ಮಾತ್ರ ರೌಝ್ ಮಾಡುವುದು ಗಿಡುಗವೇ, ಯಾರೂ ಎಬ್ಬಿಸಬೇಕಿಲ್ಲ. ನಾವು ‘ಮೈಕೊಡವಿ ಎದ್ದ’ ಅಂತೀವಲ್ಲ, ಅದೇ ಚಿತ್ರ. ‘ರೌಝ್ ಯುವರ್‌ಸೆಲ್ಫ್’ ಎಂಬುದನ್ನು ಕನ್ನಡಕ್ಕೆ ತರುವಾಗ ನಾನು ಕಣ್ಮುಚ್ಚಿ ‘ಮೈಕೊಡವಿ ಏಳು’ ಅಂತ ಹಾಕುತ್ತೇನೆ.

ಜನರ ಗುಂಪಿನ ವಿಷಯಕ್ಕೆ ಬಂದರೆ ಹುಷಾರಾಗಿರಬೇಕು. ‘ರೌಝಿಂಗ್ ಸ್ಪೀಚ್’ ಹೊಗಳಿಕೆ, ಹುರಿದುಂಬಿಸುವ ಭಾಷಣ. ‘ರ‍್ಯಾಬಲ್ ರೌಝರ್’ ಬೈಗುಳ, ಜನರನ್ನು ಎತ್ತಿಕಟ್ಟುವವನು. ಕ್ರಿಯಾಪದ ಒಂದೇ, ಕನ್ನಡದಲ್ಲಿ ಮಾತ್ರ ಎರಡು ಬೇರೆ ಮಾತು ಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ, ‘ಅರೌಝ್’ (arouse) ಎಲ್ಲಿ ಬಳಸಬೇಕು ಅನ್ನುವುದು. ರೈಸ್‌ನಿಂದ ಅರೈಸ್ ಇದ್ದ ಹಾಗೆ ರೌಝ್‌ಗೆ ಒಂದು ಅಕಾರ ಸೇರಿಸಿ 16ನೇ ಶತಮಾನದಲ್ಲಿ ಮಾಡಿಕೊಂಡ ಪದ ಇದು. ಈಗ ಹೆಚ್ಚಾಗಿ ಮನಸ್ಸಿನ ಭಾವನೆಗಳ ಜೊತೆ ಬರುತ್ತದೆ: ಅನುಮಾನ ಮೂಡಿಸು, ಕುತೂಹಲ ಕೆರಳಿಸು, ಸಿಟ್ಟು ಬರಿಸು. ಇಲ್ಲೆಲ್ಲ ‘ಎಬ್ಬಿಸು’ ಅಂತ ಒಂದನ್ನೇ ಹಾಕಿದರೆ ಕನ್ನಡ ಕುಂಟುತ್ತದೆ. ಆದರೆ ವ್ಯಕ್ತಿಯ ಮೇಲೆ ನೇರವಾಗಿ ಹಾಕಿದರೆ, ಅಂದರೆ ‘ಅರೌಝ್ಡ್ ಮಿ’ ಅಂದರೆ, ಓದಿದವರಿಗೆ ಮೊದಲು ಹೊಳೆಯುವುದು ಕಾಮದ ಅರ್ಥ. ‘ನಿಮ್ಮ ಭಾಷಣ ನನ್ನನ್ನು ಬಡಿದೆಬ್ಬಿಸಿತು’ ಅಂತ ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಲು ‘ಅರೌಝ್ಡ್ ಮಿ’ ಅಂತಲೇ ಬರೆದಿದ್ದೀರಿ ಅಂದಿರಿ. ಇನ್ನೂ ಕಳಿಸಿಲ್ಲ ತಾನೇ? ದಯವಿಟ್ಟು ಆ ಸಾಲು ತೆಗೆದು, ‘ಇನ್‌ಸ್ಪೈರ್ಡ್’ ಅಂತ ಹಾಕಿ.

ಅಂದಹಾಗೆ, ಕೊನೆಯಲ್ಲಿ ಬರುವುದು ಝಕಾರ. ‘ರೌಸ್’ ಅನ್ನಬೇಡಿ.